ಮರಕೇಶ್‌ಗೆ ನಾಲ್ವರು, ಅದರಲ್ಲೂ ಸಸ್ಯಾಹಾರಿಗಳು

ಅಪ್ಪ-ಅಮ್ಮ ಸೇರಿ ನಾಲ್ವರು, ಮೊರಾಕ್ಕೋದ ಮರಕೇಶ್‌ನಲ್ಲಿ ಮದೀನಾದೊಳಗೆ, ಅಂದರೆ ಹಳೇ ಊರಿನೊಳಗೆ ರೂಮು, ಶುದ್ಧ ಸಸ್ಯಾಹಾರ, ಓಡಾಟ ಹೇಗೆ ಅಂತ ಕೇಳಿದ್ದೀರಿ.

ತೊಡಕಿರೋದೇ ನಾಲ್ವರು ಅನ್ನೋದರಲ್ಲಿ. ಊರೊಳಗಿನ ಸಣ್ಣ ಟ್ಯಾಕ್ಸಿಗೆ ಮೂರೇ ಪ್ರಯಾಣಿಕರ ಮಿತಿ. ಎರಡು ಗಾಡಿ ಹಿಡಿಯಿರಿ, ಇಲ್ಲವೇ ದೊಡ್ಡ ಟ್ಯಾಕ್ಸಿ. ಅದಕ್ಕೆ ಮೀಟರ್ ಇರಲ್ಲ, ಹತ್ತುವ ಮೊದಲೇ ದರ ಗಟ್ಟಿ ಮಾಡಿಕೊಳ್ಳಿ. ಸಣ್ಣದರಲ್ಲಿ ಮೀಟರ್ ಹಾಕಿಸಿ. ರಾತ್ರಿ ದರ ಶೇ. 50ರಷ್ಟು ಜಾಸ್ತಿ, ಅದು ಮೋಸವಲ್ಲ.

ಮದೀನಾದ ಒಳಗಲ್ಲಿಗಳಿಗೆ ಕಾರು ಹೋಗಲ್ಲ. ಇಳಿಯುವ ಜಾಗಕ್ಕೆ ಒಬ್ಬರನ್ನು ಕಳಿಸಿ ಅಂತ ನೀವು ಉಳಿಯುವ ರಿಯಾದ್‌ನವರಿಗೆ (ಒಳ ಅಂಗಳದ ಹಳೇ ಮನೆಯ ವಸತಿಗೃಹ) ಮೊದಲೇ ಹೇಳಿ, ಆಫ್‌ಲೈನ್ ಮ್ಯಾಪ್ ಇಟ್ಟುಕೊಳ್ಳಿ. "ಈ ದಾರಿ ಬಂದ್ ಆಗಿದೆ" ಅನ್ನುತ್ತಾ ಬರುವವರನ್ನು ನಂಬಬೇಡಿ. ಚರ್ಮ ಹದಮಾಡುವ ಜಾಗಕ್ಕೆ ಸುತ್ತಿಸಿ ಕೊನೆಗೆ ದುಡ್ಡು ಕೇಳ್ತಾರೆ. ಜೆಮಾ ಎಲ್-ಫ್ನಾ ಚೌಕದಲ್ಲಿ ಅಮ್ಮ ಕೈ ಮಡಚಿಕೊಂಡೇ ನಡೆಯಲಿ. ಮೆಹಂದಿಯವರು ಕೈ ಹಿಡಿದು ಒಂದು ಗೆರೆ ಎಳೆದರೆ ಮುಗೀತು, ಚೌಕಾಸಿ ಶುರು. ಹಾವಾಡಿಗರ ಫೋಟೊಗೂ ದುಡ್ಡೇ.

ಊಟದ್ದೇ ನಿಜವಾದ ಸಮಸ್ಯೆ. ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ತರಕಾರಿ ತಾಜಿನ್‌ನಲ್ಲಿ ಕ್ಯಾರೆಟ್, ಆಲೂಗಡ್ಡೆ ಗೋಪುರದ ಹಾಗೆ ಜೋಡಿಸಿ ಕೊಡ್ತಾರೆ, ಆದರೆ ತಳದ ರಸ ಮಾಂಸದ್ದಿರಬಹುದು. ಗೋಧಿ ರವೆಯ ಕುಸ್ಕುಸ್‌ಗೂ ಅದೇ ಮಾತು. ಫ್ರೆಂಚಿನಲ್ಲಿ "ಸಾಂ ವಿಯಾಂದ್", ಮಾಂಸ ಬೇಡ, ಅಂತ ಹೇಳಿದರೆ ತುಂಡು ಮಾತ್ರ ತೆಗೀತಾರೆ. "ಸಾಂ ಬುಯೋಂ ದ ವಿಯಾಂದ್", ಮಾಂಸದ ಸಾರೂ ಬೇಡ, ಅಂತ ಸೇರಿಸಿ. ಹರೀರಾ ಸೂಪ್‌ನಲ್ಲೂ ಸಾಮಾನ್ಯವಾಗಿ ಮಾಂಸ ಇರುತ್ತೆ, ಬಿಟ್ಟುಬಿಡಿ. ಬದನೆಯ ಗೊಜ್ಜಿನಂಥ ಜಾಲೂಕ್, ಒಣ ಬೀನ್ಸಿನ ಬಿಸ್ಸಾರಾ ಸೂಪ್, ಜೇನು ಸವರಿದ ಮ್ಸೆಮ್ಮೆನ್ ರೊಟ್ಟಿ ಸಾಮಾನ್ಯವಾಗಿ ನಿಶ್ಚಿಂತೆ.

ಮಜೊರೆಲ್ ತೋಟದ ಟಿಕೆಟ್ ಆನ್‌ಲೈನ್‌ನಲ್ಲೇ ಸಮಯ ಸಮೇತ ಕಾಯ್ದಿರಿಸಿ. ಶುಕ್ರವಾರ ಮಧ್ಯಾಹ್ನ ಅನೇಕ ಅಂಗಡಿಗಳು ಮುಚ್ಚಿರುತ್ತವೆ, ಖರೀದಿ ಬೇರೆ ದಿನಕ್ಕಿಟ್ಟುಕೊಳ್ಳಿ.