‘ಅಪ್ಪ ಸಮುದ್ರಕ್ಕೆ ಬರಲೇ ಇಲ್ಲ’

(ನನ್ನ ಬಳಿ ಸಮಾಲೋಚನೆಗೆ ಬಂದ ಗಂಡ-ಹೆಂಡತಿಯ ಕಥೆ ಇದು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಗಂಡನಿಗೆ 43, ಹೆಂಡತಿಗೆ 39. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಕುರ್ಚಿಯಲ್ಲಿ ಕೂರುತ್ತಲೇ ಆಕೆ ಹೇಳಿದರು: “ಇನ್ಮೇಲೆ ಇವರ ಜೊತೆ ನಾನು ಯಾವ ರಜೆಗೂ ಹೋಗಲ್ಲ.” ಅವರು ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ಹಿಂದಿನ ವರ್ಷ ಎಲ್ಲರನ್ನೂ ಏಳು ದಿನ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದರು. ಎಲ್ಲರೂ ಸಂತೋಷವಾಗಿದ್ದರು ಎಂದೇ ಅವರು ನಂಬಿದ್ದರು. ಆರನೆಯ ದಿನ ಅದೇ ಊರಿನಲ್ಲಿ ಅವರ ಟ್ರಯಥ್ಲಾನ್ ಇತ್ತು: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಐರನ್‌ಮ್ಯಾನ್ ಎಂಬ ಅತಿ ದೀರ್ಘ ಟ್ರಯಥ್ಲಾನ್‌ನ ಅರ್ಧ, ಹಾಫ್ ಐರನ್‌ಮ್ಯಾನ್ ಎನ್ನುವ ದೂರ.

ಮೊದಲ ಭೇಟಿಯಲ್ಲಿ ನಾನು ಹುಡುಕಿದ್ದು ತಪ್ಪು ಜಾಗದಲ್ಲಿ. ತರಬೇತಿಗೆ ಹೋಗುವ ಗಂಟೆಗಳು, ಖರ್ಚು, ಬೆಳಗಿನ ನಾಲ್ಕೂವರೆಯ ಅಲಾರಂ, ಇವುಗಳ ಸುತ್ತಲೇ ಪ್ರಶ್ನೆ ಕೇಳಿದೆ. ಆಕೆ ಯಾವುದಕ್ಕೂ ದೂರಲಿಲ್ಲ. ಮಾವನವರು 48ಕ್ಕೇ ಹೃದಯಾಘಾತದಿಂದ ಹೋದವರು. ಆ ವಯಸ್ಸು ತನಗೂ ಹತ್ತಿರವಾಗುತ್ತಿದೆ ಎಂಬ ದಿಗಿಲಿನಲ್ಲಿ ಗಂಡ 40ರಲ್ಲಿ ಓಡಲು ಶುರುಮಾಡಿದಾಗ ಬೆನ್ನು ತಟ್ಟಿದ್ದೇ ಆಕೆ. ಹಾಗಾದರೆ ನೋವು ಎಲ್ಲಿದೆ?

ಆ ಏಳು ದಿನಗಳನ್ನು ದಿನಕ್ಕೊಂದು ಸಾಲಿನಂತೆ, ಒಬ್ಬರದನ್ನೊಬ್ಬರು ನೋಡದೆ ಬರೆದು ತನ್ನಿ ಎಂದೆ. ಮಗಳೂ ಬರೆಯಲಿ ಎಂದೆ.

ಗಂಡನ ಹಾಳೆ ಅಚ್ಚುಕಟ್ಟಾಗಿತ್ತು. ಮೊದಲ ದಿನ ಪ್ರಯಾಣ, ಪೆಟ್ಟಿಗೆ ಬಿಚ್ಚಿ ಸೈಕಲ್ ಜೋಡಣೆ. ಎರಡನೆಯ ದಿನ ಸಮುದ್ರದಲ್ಲಿ ಈಜಿನ ಅಭ್ಯಾಸ, ವಿಶ್ರಾಂತಿ. ಮೂರನೆಯ ದಿನ ಹೆಸರು ದಾಖಲಿಸಿ ನಂಬರ್ ಪಡೆಯುವುದು, ವಿಶ್ರಾಂತಿ. ನಾಲ್ಕನೆಯ ದಿನ ಹಗುರ ಸೈಕ್ಲಿಂಗ್, ವಿಶ್ರಾಂತಿ. ಐದನೆಯ ದಿನ ಬ್ರೀಫಿಂಗ್ (ರೇಸಿನ ನಿಯಮಗಳ ವಿವರಣೆ), ಬೈಕ್ ಚೆಕ್-ಇನ್ (ಸೈಕಲ್ ಅನ್ನು ಸಂಘಟಕರ ವಶಕ್ಕೆ ಒಪ್ಪಿಸುವುದು), ವಿಶ್ರಾಂತಿ. ಆರಕ್ಕೆ ರೇಸ್. ಏಳಕ್ಕೆ ವಾಪಸ್.

‘ವಿಶ್ರಾಂತಿ’ ನಾಲ್ಕು ಸಲ ಬಂದಿತ್ತು. ಆಕೆಯ ಹಾಳೆಯಲ್ಲಿ ಆ ನಾಲ್ಕೂ ದಿನ ಹೀಗಿದ್ದವು: “ಸದ್ದು ಮಾಡಬೇಡಿ, ಅಪ್ಪ ಮಲಗಿದ್ದಾರೆ”, “ಒಬ್ಬಳೇ ಇಬ್ಬರು ಮಕ್ಕಳನ್ನೂ ನೀರಿಗೆ ಕರೆದೊಯ್ದೆ, ಭಯ ಆಯ್ತು”, “ಮಗನಿಗೆ ಮೂತ್ರ, ಮಗಳು ಅಲೆಯಲ್ಲಿ, ಯಾರ ಹಿಂದೆ ಓಡಲಿ?”, “ಒಂಬತ್ತಕ್ಕೇ ದೀಪ ಆರಿಸಿದರು, ನಾನು ಬಚ್ಚಲಲ್ಲಿ ಕೂತು ಫೋನ್ ನೋಡಿದೆ.” ರೇಸಿನ ದಿನ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸಿ, ಮಧ್ಯಾಹ್ನದವರೆಗೆ ರಸ್ತೆ ಬದಿಯಲ್ಲಿ ನಿಂತು, ಗಂಡನನ್ನು ಕಂಡದ್ದು ಎಲ್ಲ ಸೇರಿ ಒಂದು ನಿಮಿಷವೂ ಇರಲಿಕ್ಕಿಲ್ಲ. ಮರುದಿನ ಅವರಿಗೆ ಮೆಟ್ಟಿಲಿಳಿಯಲು ಆಗದ ಕಾರಣ ಸಾಮಾನೆಲ್ಲ ಕೆಳಗೆ ತಂದದ್ದೂ ಆಕೆಯೇ.

ಮಗಳು ಬರೆದದ್ದು ಒಂದೇ ಸಾಲು: ‘ಅಪ್ಪ ಸಮುದ್ರಕ್ಕೆ ಬರಲೇ ಇಲ್ಲ.’

ಅವರು ಅದನ್ನು ಎರಡು ಸಲ ಓದಿದರು. “ಅದೇ ಸಮುದ್ರದಲ್ಲಿ ಎರಡು ಕಿಲೋಮೀಟರ್ ಈಜಿದ್ದೇನೆ ಮೇಡಂ” ಎಂದವರು ಮುಂದೆ ಮಾತಾಡಲಾಗದೆ ಸುಮ್ಮನಾದರು.

ಅವರು ಸೋಮಾರಿಯಲ್ಲ, ಸ್ವಾರ್ಥಿ ಎಂದೂ ನಾನು ಹೇಳಲಾರೆ. ದೊಡ್ಡ ರೇಸಿಗೆ ಮುನ್ನ ಎರಡು ವಾರದಷ್ಟು ಕಾಲ ತರಬೇತಿಯ ಪ್ರಮಾಣ ಇಳಿಸುತ್ತಾರೆ. ಅದಕ್ಕೆ ಟೇಪರ್ ಎನ್ನುತ್ತಾರೆ. ತಿಂಗಳುಗಳ ದಣಿವು ಕಳೆದು ಕಾಲಿಗೆ ಕಸುವು ಮರಳುವುದು ಆಗಲೇ. ಬಿಸಿಲಲ್ಲಿ ಅಲೆಯಬಾರದು, ಹೆಚ್ಚು ಹೊತ್ತು ನಿಲ್ಲಬಾರದು, ನಿದ್ದೆ ಕೆಡಬಾರದು. ಜೊತೆಗೆ, ದಿನವೂ ದುಡಿಯುತ್ತಿದ್ದ ದೇಹ ತಟಕ್ಕನೆ ನಿಂತಾಗ ಚಡಪಡಿಕೆ, ಸಿಡುಕು ಸಹಜ. ಆ ಸಿಡುಕು ಮಕ್ಕಳ ಮೇಲಿನ ಬೇಸರ ಎಂದು ಆಕೆ ಒಂದು ವರ್ಷ ನಂಬಿದ್ದರು. ಅವರಿಗೆ ಆ ಮಲಗುವಿಕೆ ಕೆಲಸ. ಆಕೆಗೆ ಅದು ಮೂರನೆಯ ಮಗುವಿನ ಆರೈಕೆ. ಬೀಚ್ ರಜೆ ಕೇಳುವುದೆಲ್ಲ, ಬಿಸಿಲು, ಓಡಾಟ, ತಡರಾತ್ರಿ, ಟೇಪರ್ ಬೇಡವೆನ್ನುವುದೇ. ಇವೆರಡನ್ನೂ ಒಂದೇ ವಾರದೊಳಗೆ ತುರುಕಿದರೆ ಯಾರು ಎಷ್ಟು ಒಳ್ಳೆಯವರಾದರೂ ಜಗಳ ತಪ್ಪದು.

ಈ ಕ್ರೀಡೆಯ ಹಳೆಯ ಸಂಗತಿಯೊಂದನ್ನು ಅವರಿಗೆ ಹೇಳಿದೆ. 1978ರಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12. ನೀರು, ಆಹಾರ ಕೊಡಲು ಪ್ರತಿಯೊಬ್ಬರೂ ತಮ್ಮದೇ ಸಹಾಯಕರನ್ನು ಕರೆತರಬೇಕಿತ್ತು. ಬಂದವರಿಗೆ ತಾವು ಸಹಾಯಕರು ಎಂದು ಗೊತ್ತಿತ್ತು. ಇಂದು ದಾರಿಯುದ್ದಕ್ಕೂ ಸಂಘಟಕರೇ ನೀರು ಕೊಡುತ್ತಾರೆ, ಹೊರಗಿನವರ ನೆರವು ಪಡೆಯುವುದು ಐರನ್‌ಮ್ಯಾನ್ ರೇಸುಗಳಲ್ಲಿ ನಿಯಮಬಾಹಿರ. ಆದರೂ ಮನೆಯವರು ಸಹಾಯಕರಾಗಿಯೇ ಉಳಿದಿದ್ದಾರೆ, ರೇಸಿನ ಹೊರಗೆ, ಹೆಸರಿಲ್ಲದೆ. “ನೀನು ನನ್ನ ಸಹಾಯಕ್ಕೆ ಬಾ ಎಂದು ಕೇಳಿದ್ದರೆ ಬರ್ತಿದ್ದೆ ರೀ. ರಜೆ ಅಂತ ಕರೆದ್ರಿ” ಎಂದರು ಆಕೆ. ಆ ಹೊತ್ತಿನವರೆಗೆ ನಡೆದ ಮಾತುಕತೆಯಲ್ಲಿ ಅತಿ ಮುಖ್ಯವಾದ ಮಾತು ಇದೇ ಎಂದು ನನಗನಿಸಿತು.

ಮುಂದಿನ ರೇಸಿಗೆ ಅವರು ಆಗಲೇ ಹೆಸರು ಕೊಟ್ಟಿದ್ದರು, ಇನ್ನೊಂದು ಕಡಲೂರಿನಲ್ಲಿ. ಯಾವ ದೂರ ಎಂದು ಕೇಳಿದೆ. “ಫುಲ್” ಎಂದರು, ತಗ್ಗಿದ ದನಿಯಲ್ಲಿ. 3.8 ಕಿಲೋಮೀಟರ್ ಈಜು, 180 ಸೈಕಲ್, 42.2 ಓಟ. ಕಟ್-ಆಫ್, ಅಂದರೆ ಮುಗಿಸಲು ಕೊಡುವ ಗರಿಷ್ಠ ಸಮಯ, ಸಾಮಾನ್ಯವಾಗಿ 17 ಗಂಟೆ. ಆಕೆಗೆ ಅದು ಗೊತ್ತಾದದ್ದು ನನ್ನ ಕೋಣೆಯಲ್ಲಿ. ಆ ದಿನ ನಾವು ಮುಂದೆ ಏನನ್ನೂ ಯೋಜಿಸಲಿಲ್ಲ. ಮುಚ್ಚಿಟ್ಟದ್ದರ ಬಗ್ಗೆಯೇ ಮಾತಾಡಿದೆವು. “ಬೇಡ ಅಂತೀಯ ಅಂತ ಭಯ” ಎಂದರು ಅವರು. ಕೇಳುವ ಮೊದಲೇ ಉತ್ತರವನ್ನು ತಾನೇ ಊಹಿಸಿಕೊಂಡು ಹೆಂಡತಿಯ ಬಾಯಿಗೆ ಹಾಕುವುದು ಅನೇಕ ಗಂಡಂದಿರ ಅಭ್ಯಾಸ. ಅದನ್ನು ಅಲ್ಲೇ ನೇರವಾಗಿ ಹೇಳಿದೆ.

ಮೂರನೆಯ ಭೇಟಿಯಲ್ಲಿ ಸಲಹೆಗೆ ಬಂದೆವು. ಎಲ್ಲಕ್ಕಿಂತ ಒತ್ತಿ ಹೇಳಿದ್ದು ಕ್ರಮದ ಬಗ್ಗೆ: ರೇಸ್ ಮೊದಲು, ರಜೆ ಆಮೇಲೆ. ಒಂಬತ್ತು ದಿನ ಸಿಕ್ಕರೆ ಮೂರನೆಯ ದಿನ ರೇಸ್ ಮುಗಿಯಬೇಕು. ಅವರಿಗೆ ಆತಂಕವಾಯಿತು: ಸೆಕೆಗೆ ಒಗ್ಗಿಕೊಳ್ಳುವುದು ಬೇಡವೇ? ದೇಹ ಬಿಸಿಗೆ ಸರಿಯಾಗಿ ಒಗ್ಗಲು 10ರಿಂದ 14 ದಿನ ಬೇಕು. ಐದು ದಿನ ಮುಂಚೆ ಹೋದರೂ ಅದು ಅರೆಬರೆಯೇ. ಊರಿನಲ್ಲೇ ಹಿಂದಿನ ಎರಡು ವಾರ ತರಬೇತಿಯ ನಂತರ ಬಿಸಿನೀರಿನ ತೊಟ್ಟಿಯಲ್ಲೋ ಸೌನಾ ಎಂಬ ಬಿಸಿ ಕೋಣೆಯಲ್ಲೋ ಕೂರುವ ಕ್ರಮವನ್ನು ಅನೇಕ ಕ್ರೀಡಾಪಟುಗಳು ಅನುಸರಿಸುತ್ತಾರೆ. ವೈದ್ಯರನ್ನೂ ಕೋಚನ್ನೂ ಕೇಳಿ ಅದನ್ನು ಮಾಡಿ ಎಂದೆ, ಮನೆತನದ ಹೃದಯರೋಗದ ಇತಿಹಾಸವಿರುವವರಿಗೆ ವೈದ್ಯರ ಮಾತು ಮೊದಲು ಎಂದೂ ಸೇರಿಸಿದೆ. ಹಲವು ಕಾಲವಲಯ ದಾಟುವ ಪ್ರಯಾಣವಾದರೆ ಅವರೊಬ್ಬರೇ ಮುಂಚೆ ಹೋಗಲಿ, ಮಕ್ಕಳು ರೇಸಿನ ಹಿಂದಿನ ದಿನ ಬಂದು ಸೇರಲಿ.

ರೇಸಿನ ದಿನ ಮಕ್ಕಳು ನಾಲ್ಕಕ್ಕೆ ಏಳಬೇಕಿಲ್ಲ. ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್‌ನಿಂದ ಓಟಗಾರ ಸುಮಾರಾಗಿ ಎಲ್ಲಿದ್ದಾರೆಂದು ಫೋನಿನಲ್ಲೇ ತಿಳಿಯುತ್ತದೆ. ಕೊನೆಯ ಗಂಟೆಗೆ ಮುಕ್ತಾಯದ ಗೆರೆಯ ಬಳಿ ಬಂದರೆ ಸಾಕು. ಅಂದು ರಸ್ತೆಗಳು ಮುಚ್ಚಿರುತ್ತವೆ, ಆದ್ದರಿಂದ ನಡೆದು ತಲುಪುವಷ್ಟು ಹತ್ತಿರ ಕೋಣೆ ಹಿಡಿಯಿರಿ.

ಮರುದಿನದ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಸ್ನಾಯುನೋವು ಒಂದರಿಂದ ಮೂರು ದಿನದೊಳಗೆ ತೀವ್ರವಾಗುತ್ತದೆ. ಓಡಲಾಗದ ತಂದೆ ನೀರಿನಲ್ಲಿರುವ ಮಕ್ಕಳ ಕಾವಲಿಗೆ ಆಗುವುದಿಲ್ಲ. ಹಾಗಾಗಿ ಆ ದಿನ ಮಕ್ಕಳಿಗೆ ಮರಳು ಮಾತ್ರ, ಅಪ್ಪ ಪಕ್ಕದಲ್ಲಿ ಕೂತು ಗುಂಡಿ ತೋಡಲಿ. ಅಮ್ಮ ಎಲ್ಲಿಗೆ ಬೇಕಾದರೂ ಹೋಗಲಿ, ಲೆಕ್ಕ ಕೊಡುವುದು ಬೇಡ. ನೀರಿಗಿಳಿಯುವ ದಿನಗಳಲ್ಲಿ ಲೈಫ್‌ಗಾರ್ಡ್ ಇರುವ ತೀರವನ್ನೇ ಆರಿಸಿ. ರೇಸಿನ ಈಜು ನಡೆದ ಜಾಗ ಮಕ್ಕಳಿಗೂ ಸುರಕ್ಷಿತ ಎಂದುಕೊಳ್ಳಬೇಡಿ, ಅಂದು ಅಲ್ಲಿ ಕಾವಲು ದೋಣಿಗಳಿರುತ್ತವೆ. ಸೆಳೆತಕ್ಕೆ ಸಿಕ್ಕರೆ ದಡದತ್ತ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಈಜಬೇಕು ಎಂಬುದನ್ನು ಇಬ್ಬರೂ ಮಗಳಿಗೆ ಹೇಳಿಕೊಡಿ.

ದೂರದ ಬಗ್ಗೆ ನಾನು ತೀರ್ಪು ಕೊಡಲಿಲ್ಲ, ಆದರೆ ಅಭಿಪ್ರಾಯ ಮುಚ್ಚಿಡಲಿಲ್ಲ. ಫುಲ್ ದೂರ ತಿಂಗಳುಗಟ್ಟಲೆ ವಾರಾಂತ್ಯಗಳನ್ನು ನುಂಗುತ್ತದೆ. ಆ ಸಾಲವನ್ನು ಐದು ದಿನದ ಬೀಚು ತೀರಿಸಲಾರದು. ಅದೇ ದಿನ ಅಲ್ಲಿ ಹಾಫ್ ಕೂಡ ಇತ್ತು, ಸಂಘಟಕರ ನಿಯಮದಲ್ಲಿ ಬದಲಾವಣೆಗೆ ಅವಕಾಶವಿತ್ತು. ಒಂದು ವಾರ ಯೋಚಿಸಿ ಅವರು ಹಾಫ್‌ಗೆ ಬಂದರು.

ಪ್ರವಾಸದ ನಂತರ ಇಬ್ಬರೂ ಬಂದಿದ್ದರು. ಎಲ್ಲವೂ ಸುಸೂತ್ರವಾಗಿರಲಿಲ್ಲ. ರೇಸಿನ ಹಿಂದಿನ ಸಂಜೆ ಮಗನಿಗೆ ಜ್ವರ ಬಂದು ಅವರ ನಿದ್ದೆ ಕೆಟ್ಟಿತ್ತು, ಹಿಂದಿನ ಸಲಕ್ಕಿಂತ 20 ನಿಮಿಷ ಹೆಚ್ಚು ತಗುಲಿತ್ತು. ಆರನೆಯ ದಿನ ಅವರಿಗೆ ಓಡುವ ಆಸೆಯಾಯಿತು. ಕೇಳಿದರು. ಆಕೆ ನಲವತ್ತು ನಿಮಿಷ ಎಂದರು. ಮೂವತ್ತೆಂಟಕ್ಕೆ ವಾಪಸ್ ಬಂದರಂತೆ, ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ನಗುವಿತ್ತು. ತಾನು ಒಬ್ಬಳೇ ಕಳೆದ ದಿನ ಏನು ಮಾಡಿದೆ ಎಂದು ಮಾತ್ರ ನನಗೂ ಹೇಳಲಿಲ್ಲ.

ಫುಲ್ ದೂರದ ಆಸೆ ಅವರಲ್ಲಿ ಹಾಗೇ ಇದೆ. ಮಗ ಶಾಲೆಗೆ ಸೇರಲಿ ಎನ್ನುತ್ತಾರೆ ಆಕೆ, ತನಗೆ 48 ತುಂಬುವುದರೊಳಗೆ ಆಗಬೇಕು ಎನ್ನುತ್ತಾರೆ ಅವರು. ಮುಂದಿನ ಭೇಟಿಗೆ ಆ ಮಾತನ್ನೇ ಇಟ್ಟುಕೊಂಡಿದ್ದೇವೆ.