ಕಷ್ಟ ಕೊಟ್ಟೇ ಬೆಳೆಸಬೇಕಾ?

(ಚಿಂತಾಮಣಿಯ ಶಿಕ್ಷಕಿಯೊಬ್ಬರ ಪತ್ರ: "ನಾನು ಬೆಳೆದದ್ದು ಶಿಡ್ಲಘಟ್ಟದಲ್ಲಿ. ಚಿಕ್ಕವಳಿದ್ದಾಗಲೇ ರೇಷ್ಮೆ ನೂಲು ಬಿಚ್ಚಲು ಹೋಗುತ್ತಿದ್ದೆ. ಕಷ್ಟಪಟ್ಟಿದ್ದಕ್ಕೇ ಮೇಲೆ ಬಂದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಗನಿಗೆ ಕಷ್ಟವೇ ಗೊತ್ತಿಲ್ಲ. ಬೇಕಂತಲೇ ಸ್ವಲ್ಪ ಕೊಡಬೇಕಾ?")

ನಮಸ್ಕಾರ ಮೇಡಂ,

ಖಂಡಿತ ಬೇಡ.

ಬಿಸಿನೀರಿನಲ್ಲಿ ಬೇಯುವ ಗೂಡಿನಿಂದ ಎಳೆಯ ತುದಿ ಹುಡುಕಲು ಕೈ ಅದ್ದಬೇಕಿತ್ತು, ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಲಿಯುತ್ತಿತ್ತು, ಬೆಂದ ಹುಳದ ವಾಸನೆಗೆ ಶಾಲೆಯಲ್ಲಿ ಯಾರೂ ಪಕ್ಕ ಕೂರುತ್ತಿರಲಿಲ್ಲ ಎಂದು ಒಂದು ಪುಟ ಬರೆದಿದ್ದೀರಿ. ಏಳನೇ ಕ್ಲಾಸಿನ ಟೀಚರ್ ಮನೆಗೆ ಬಂದು, ನಿಮ್ಮ ತಂದೆಯ ಜತೆ ಜಗಳವಾಡಿ, ನಿಮ್ಮನ್ನು ಪರೀಕ್ಷೆಗೆ ಕರೆದುಕೊಂಡು ಹೋದದ್ದಕ್ಕೆ ಮಾತ್ರ ಎರಡೇ ಸಾಲು. ನನ್ನ ಕಣ್ಣು ಆ ಎರಡು ಸಾಲಿನ ಮೇಲೇ ನಿಂತಿತು. ನಿಮ್ಮ ಜತೆ ಕೂತಿದ್ದ ಹುಡುಗಿಯರ ಕೈಯೂ ಅಷ್ಟೇ ಸುಟ್ಟಿತ್ತು. ಅವರಲ್ಲಿ ಓದಿದವರು ಎಷ್ಟು ಜನ? ಕಷ್ಟವೇ ಮನುಷ್ಯರನ್ನು ಮೇಲೆ ತರುವುದಾದರೆ ಅವರೂ ಇವತ್ತು ನಿಮ್ಮ ಹಾಗೇ ಇರಬೇಕಿತ್ತು, ಅಲ್ವಾ?

ನಮ್ಮ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರನ್ನು ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹಳ್ಳಿ ಮಕ್ಕಳು ತನ್ನ ಹಾಗೇ ನಡೆದು ಬರಲಿ ಎಂದು ಮಾತ್ರ ಅವರು ಬಿಡಲಿಲ್ಲ. ಗೌರಿಬಿದನೂರಿಗೆ, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜನ್ನೇ ತಂದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುವುದು ಇಲ್ಲೇ.

ಹಾಗಂತ ಆ ದಿನಗಳು ನಿಮ್ಮಲ್ಲಿ ಏನೂ ಉಳಿಸಿಲ್ಲ ಎನ್ನುತ್ತಿಲ್ಲ. ಮಗು ಶಾಲೆಗೆ ಬರದಿದ್ದರೆ ಅವತ್ತೇ ಸಂಜೆ ಅದರ ಮನೆಗೆ ಹೋಗುತ್ತೇನೆ ಎಂದಿದ್ದೀರಿ. ಅದು ಅಲ್ಲಿಂದಲೇ ಬಂದದ್ದು. ಹಬೆಯಾಡುವ ಪಾತ್ರೆ ಕಂಡರೆ ಈಗಲೂ ಕೈ ಹಿಂದೆ ಸರಿಯುತ್ತದೆ ಎಂದಿದ್ದೀರಿ. ಅದೂ ಅಲ್ಲಿಂದಲೇ. ಅಂಥ ಭಯ ಮಗನಿಗೆ ಯಾಕೆ?

ಅವನ ತಟ್ಟೆ ಅವನೇ ತೊಳೆಯಲಿ. ಸೈಕಲ್ ಪಂಕ್ಚರ್ ಆದರೆ ತಾನೇ ತಳ್ಳಿಕೊಂಡು ಹೋಗಿ ಹಾಕಿಸಿಕೊಂಡು ಬರಲಿ. ಅಷ್ಟು ಸಾಕು. ಆದರೆ ನಿಮ್ಮ ಬಾಲ್ಯದ ಬಗ್ಗೆ ಅವನಿಗೆ ಇದುವರೆಗೂ ಹೇಳಿಲ್ಲ ಎಂದಿರಲ್ಲ, ಅದನ್ನು ಓದಿ ನನಗೆ ಬೇಸರವಾಯಿತು. ದಯವಿಟ್ಟು ಹೇಳಿ. ರಜೆಯಲ್ಲಿ ಒಂದು ದಿನ ಬೆಳಿಗ್ಗೆಯೇ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗಿ, ಗೂಡಿನ ಮಾರುಕಟ್ಟೆ ತೋರಿಸಿ. ಆ ಟೀಚರ್ ಈಗಲೂ ಅಲ್ಲೇ ಇದ್ದಾರಂತಲ್ಲ, ಅವರ ಮನೆಗೂ ಹೋಗಿ ಬನ್ನಿ. ಅವತ್ತು ಅಜ್ಜನನ್ನು ಹೇಗೆ ಒಪ್ಪಿಸಿದರು ಎಂದು ಅವರನ್ನೇ ಅವನು ಕೇಳಲಿ.

– ಸಂ.