ಎಡಕ್ಕೆ ಬಿದ್ದ ಹೂವು ಎಲ್ಲಿ ಹೋಯಿತು?

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ 'ನಂಬುವವರು ಯೋಚಿಸುವುದಿಲ್ಲ' ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಖುಷಿಯಿಂದ. ಎರಡನೇ ಸಲ ಆಫೀಸಿನಲ್ಲಿ, ಸಿಟ್ಟಿನಿಂದ. ಭಾಷೆ ಚೆನ್ನಾಗಿದೆ. ಎಲ್ಲೂ ತಡವರಿಸದೆ ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಸಿಟ್ಟು ಬಂದದ್ದು ಎರಡು ಕಡೆ. ಅಷ್ಟನ್ನೇ ಹೇಳುತ್ತೇನೆ.

ಎರಡನೇ ಪುಟದಲ್ಲಿ ಹೀಗಿದೆ: "ತರ್ಕದಿಂದ ಯೋಚಿಸತೊಡಗಿದ ಕೂಡಲೇ ದೇವರ ಮೇಲಿನ ನಂಬಿಕೆ ಕುಸಿಯುತ್ತದೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಯೋಚನೆಯಲ್ಲಿ ಮುಳುಗಿದ ಮನುಷ್ಯನ ಶಿಲ್ಪವನ್ನು ನೋಡಿದರೂ ಸಾಕು."

'ಕೂಡಲೇ' ಅಂದವರು ಯಾರು? 'ವಿಜ್ಞಾನಿಗಳು' ಅಂದರೆ ಯಾರ್ಯಾರು? ಎಷ್ಟು ಜನರನ್ನು ಕೇಳಿ 'ಸಾಬೀತು' ಮಾಡಿದರು? ನೀವು ಹೇಳಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲ್ ಜರ್ವೇಸ್ ಮತ್ತು ಅರಾ ನೊರೆಂಜಾಯನ್ ಅವರ ಅಧ್ಯಯನ ಅದು. 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದರಲ್ಲಿದ್ದ ಹಲವು ಪ್ರಯೋಗಗಳಲ್ಲಿ ಶಿಲ್ಪದ್ದು ಒಂದು. 57 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಫ್ರೆಂಚ್ ಶಿಲ್ಪಿ ರೋಡಿನ್‌ನ 'ದಿ ಥಿಂಕರ್' ಶಿಲ್ಪದ ಚಿತ್ರ ತೋರಿಸಿದರು. ಉಳಿದವರಿಗೆ ಡಿಸ್ಕಸ್ ಎಸೆಯುವವನ ಶಿಲ್ಪ. ಆಮೇಲೆ ದೇವರನ್ನು ಎಷ್ಟು ನಂಬುತ್ತೀರಿ ಅಂತ ಕೇಳಿದರು. 'ಥಿಂಕರ್' ನೋಡಿದವರು ಕಡಿಮೆ ಅಂಕ ಕೊಟ್ಟರು.

ನಿಮ್ಮ ಲೇಖನ ಇಲ್ಲಿಗೇ ನಿಂತಿದೆ. ಕಥೆ ನಿಂತಿಲ್ಲ. ಬೇರೆಯವರು ಅದೇ ಪ್ರಯೋಗವನ್ನು 941 ಜನರ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದರು. ವ್ಯತ್ಯಾಸ ಕಾಣಲಿಲ್ಲ. 'ನೇಚರ್' ಮತ್ತು 'ಸೈನ್ಸ್' ಪತ್ರಿಕೆಗಳಲ್ಲಿ ಹಿಂದೆ ಬಂದಿದ್ದ 21 ಪ್ರಯೋಗಗಳನ್ನು ಮತ್ತೊಂದು ತಂಡ ಮತ್ತೆ ಮಾಡಿ ನೋಡಿ 2018ರಲ್ಲಿ ಪ್ರಕಟಿಸಿತು. 13 ನಿಂತವು. ಶಿಲ್ಪದ ಪ್ರಯೋಗ ಬಿದ್ದವುಗಳ ಗುಂಪಿನಲ್ಲಿತ್ತು. ಈಗ ನೋಡಿದರೆ ಆ ಪ್ರಯೋಗ ಪೆದ್ದುತನದ್ದು ಅನಿಸುತ್ತದೆ ಅಂತ ಜರ್ವೇಸ್ ತಾವೇ ಒಪ್ಪಿಕೊಂಡರು. ನನಗಂತೂ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ. ನಮ್ಮ ಅಂಕಣಕಾರರಲ್ಲಿ ಹಾಗೆ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ನೀವು ಮುಂದಕ್ಕೆ ಯಾಕೆ ಹುಡುಕಲಿಲ್ಲ ಅನ್ನುವುದಕ್ಕೆ ಉತ್ತರ ನಿಮ್ಮ ಮೂರನೇ ಪುಟದಲ್ಲೇ ಇದೆ. ಸಂಶೋಧಕ ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಪ್ರಶ್ನೆಯನ್ನು ನೀವು ರೂಪಾಯಿಗೆ ಬದಲಾಯಿಸಿ ಕೊಟ್ಟಿದ್ದೀರಿ. ಬ್ಯಾಟು, ಬಾಲು ಸೇರಿ 110 ರೂಪಾಯಿ. ಬಾಲಿಗಿಂತ ಬ್ಯಾಟಿಗೆ 100 ರೂಪಾಯಿ ಜಾಸ್ತಿ. ಬಾಲಿಗೆ ಎಷ್ಟು? ತಟ್ಟನೆ ಬಾಯಿಗೆ ಬರುವುದು 10. ಸರಿ ಉತ್ತರ 5. ನಾನೂ 10 ಅಂದೆ, ನಮ್ಮ ಲೆಕ್ಕಪತ್ರ ನೋಡುವವರೂ 10 ಅಂದರು. ಆ 10 ಹೇಗೆ ಹೊಳೆಯಿತೋ ಶಿಲ್ಪದ ಕಥೆಯೂ ನಿಮಗೆ ಹಾಗೇ ಸರಿ ಅನಿಸಿದೆ. ತಾಳೆ ನೋಡಬೇಕು ಅನಿಸಿಲ್ಲ.

ಇಂಥ ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟವರಲ್ಲಿ ದೇವರ ನಂಬಿಕೆ ಸ್ವಲ್ಪ ಕಡಿಮೆ ಅಂತ ಕೆಲವು ಅಧ್ಯಯನಗಳು ಹೇಳಿದ್ದು ನಿಜ. 2018ರಲ್ಲಿ ಬಂದ 13 ದೇಶಗಳ ಅಧ್ಯಯನದಲ್ಲಿ ಆ ನಂಟು ತೀರಾ ತೆಳುವಾಗಿತ್ತು, ಎಲ್ಲ ದೇಶಗಳಲ್ಲೂ ಒಂದೇ ಥರ ಇರಲಿಲ್ಲ. 'ಸ್ವಲ್ಪ', 'ಕೆಲವು ಕಡೆ'. ಈ ಎರಡು ಮಾತು ನಿಮ್ಮ ಆರು ಪುಟಗಳಲ್ಲಿ ಒಂದು ಸಲವೂ ಇಲ್ಲ.

ನನಗೆ ಇದು ಇಷ್ಟು ಚುಚ್ಚಲು ಕಾರಣವಿದೆ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಾನೂ ನಿಮ್ಮ ಹಾಗೇ ಇದ್ದೆ. ಪತ್ರಿಕೆಯ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್‌ಗೆ ಜಾಗ ತೋರಿಸುವ ಒಬ್ಬರ ಬಗ್ಗೆ ಬರೆಯಲು ಹೋಗಿದ್ದೆ. ಅಂಗೈ ಮೇಲೆ ಮಲಗಿದ್ದ ಕಾಯಿ ನೀರಿದ್ದ ಕಡೆ ಎದ್ದು ನಿಲ್ಲುತ್ತದಂತೆ. ಅವರು ತೋರಿಸಿದ ಒಂದು ಹೊಲದಲ್ಲಿ 420 ಅಡಿ ಕೊರೆದರೂ ಬರೀ ಧೂಳು. ನನಗೆ ಹಬ್ಬ. ಊರವರನ್ನೆಲ್ಲ ಗೇಲಿ ಮಾಡಿ ಅರ್ಧ ಪುಟ ಬರೆದು ತಂದೆ.

ನಮ್ಮ ಸಂಪಾದಕರು ದೇವಸ್ಥಾನದ ಮೆಟ್ಟಿಲು ಹತ್ತಿದವರಲ್ಲ. ಶಹಬ್ಬಾಸ್ ಅಂತಾರೆ ಅಂದುಕೊಂಡಿದ್ದೆ. ಕನ್ನಡಕ ಮೇಲೆ ಸರಿಸಿ ಕೇಳಿದರು: "ಆತ ತೋರಿಸಿದ್ದು ಒಟ್ಟು ಎಷ್ಟು ಬೋರು? ನೀರು ಬಂದದ್ದು ಎಷ್ಟಕ್ಕೆ? ಆತನನ್ನು ಕೇಳದೆ ಕೊರೆಸಿದವರದ್ದು ಏನಾಯ್ತು?" ನನಗೆ ಗೊತ್ತಿದ್ದದ್ದು ಒಂದೇ ಹೊಲ. "ಒಂದು ಬೋರು ನೋಡಿ ನೀನು ಶಾಸ್ತ್ರ ಹೇಳ್ತೀಯಲ್ಲೋ, ಅವನಿಗೂ ನಿನಗೂ ಏನಯ್ಯಾ ವ್ಯತ್ಯಾಸ?" ಅಂದರು. ಕಾಗದ ನನ್ನ ಕಡೆ ತಳ್ಳಿದರು.

ಮತ್ತೆ ಬಸ್ಸು ಹತ್ತಿದೆ. ಮೂರು ದಿನ ಮನೆ ಮನೆ ಸುತ್ತಿದೆ. ಕಾಯಿ ನೋಡಿ ಕೊರೆಸಿದ್ದು 11, ನೀರು ಬಂದದ್ದು 7. ಸುಮ್ನೆ ತಮಗೆ ಬೇಕಾದ ಕಡೆ ಕೊರೆಸಿದ್ದು 9, ನೀರು ಬಂದದ್ದು 6. ಕಾಯಿಯಿಂದ ಏನೂ ಹೆಚ್ಚಾಗಿರಲಿಲ್ಲ. ಅಂದರೆ ನನ್ನ ಅನುಮಾನ ಸರಿಯೇ ಇತ್ತು, ಆದರೆ ಮೊದಲು ಬರೆದಾಗ ಅದು ನನಗೆ ಗೊತ್ತಿರಲಿಲ್ಲ. ಅರ್ಧ ಪುಟ ಹೋಗಿ ಒಂದು ಕಾಲಂ ಆಯಿತು. ಗೇಲಿಗೆ ಜಾಗ ಉಳಿಯಲಿಲ್ಲ.

ಇನ್ನು ನಿಮ್ಮ ಅಜ್ಜಿ. ಅವರನ್ನು ನೀವು ಕೊನೆಯ ಪುಟಕ್ಕೆ ಎಳೆದು ತಂದಿದ್ದೀರಿ, ಬೈಯುವುದಕ್ಕೆ.

"ಹಸು ಕೊಳ್ಳುವ ಮುಂಚೆ ಅಜ್ಜಿ ದೇವರ ಮುಂದೆ ಹೂ ಕೇಳುತ್ತಿದ್ದಳು. ಬಲಕ್ಕೆ ಬಿದ್ದರೆ ಕೊಳ್ಳುವುದು, ಎಡಕ್ಕೆ ಬಿದ್ದರೆ ಬಿಡುವುದು. ಅವಳು ಯಾವತ್ತೂ ಯೋಚಿಸಿದವಳಲ್ಲ."

ಹೌದಾ? ಇದಕ್ಕಿಂತ ನಾಲ್ಕು ಸಾಲು ಮೇಲೆ ನೀವೇ ಬರೆದಿದ್ದೀರಿ: ಅಜ್ಜಿ ಹಸುವಿನ ಹಲ್ಲು ನೋಡುತ್ತಿದ್ದಳು, ಕೆಚ್ಚಲು ಮುಟ್ಟಿ ನೋಡುತ್ತಿದ್ದಳು, ಎಷ್ಟನೇ ಸೂಲು ಅಂತ ಎರಡು ಮನೆಯಲ್ಲಿ ವಿಚಾರಿಸುತ್ತಿದ್ದಳು. ಅದನ್ನು ಏನಂತ ಕರೆಯುತ್ತೀರಿ? ನಿಮ್ಮ ಶೀರ್ಷಿಕೆಯನ್ನು ನಿಮ್ಮ ಅಜ್ಜಿಯೇ ಸುಳ್ಳು ಮಾಡುತ್ತಿದ್ದಾರೆ, ನೀವು ಗಮನಿಸಿಲ್ಲ. ಹಲ್ಲು ನೋಡುವ ಅಜ್ಜಿ ಮತ್ತು ಹೂ ಕೇಳುವ ಅಜ್ಜಿ ಇಬ್ಬರೂ ಒಂದೇ ಸೀರೆಯಲ್ಲಿದ್ದಾರೆ. ಲೇಖನ ಇದ್ದದ್ದೇ ಅಲ್ಲಿ.

ಅದರ ಜತೆಗೆ ಆವರಣದೊಳಗೆ ಒಂದು ಸಾಲು ತುರುಕಿದ್ದೀರಿ: "(ಎಡಕ್ಕೆ ಬಿದ್ದರೆ ಕೆಲವೊಮ್ಮೆ ಮತ್ತೆ ಕೇಳುತ್ತಿದ್ದಳು.)" ಇಡೀ ಬರಹದಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆದ ಸಾಲು ಇದೊಂದೇ. ಯಾವ ಹಸುವಿಗೆ ಮತ್ತೆ ಕೇಳಿದರು? ಹಲ್ಲು, ಕೆಚ್ಚಲು ಎರಡೂ ಚೆನ್ನಾಗಿದ್ದ ಹಸುವಿಗಾ? ಯಾವುದನ್ನು ಒಂದೇ ಸಲಕ್ಕೆ ಕೈಬಿಟ್ಟರು? ಅದು ಮೊದಲೇ ಮನಸ್ಸಿಗೆ ಬಾರದ ಹಸುವಾ? ನನಗೂ ಗೊತ್ತಿಲ್ಲ, ಊಹೆ ಮಾಡುವುದೂ ಇಲ್ಲ. ಬೋರ್‌ವೆಲ್ ಸುತ್ತಿ ಬಂದ ಮೇಲೆ ಆ ಚಟ ಬಿಟ್ಟಿದ್ದೇನೆ.

ಅಜ್ಜಿಗೆ ಈಗ ಎಂಬತ್ತಾರು, ಊರಿನಲ್ಲೇ ಇದ್ದಾರೆ ಅಂತ ಬರೆದಿದ್ದೀರಿ. ಶನಿವಾರ ಹೊರಡಿ. ಕೊಟ್ಟಿಗೆಗೆ ಬಂದ ಹಸುಗಳ ಹೆಸರು ಒಂದೊಂದೇ ಕೇಳಿ, ಹೂ ಯಾವ ಕಡೆ ಬಿತ್ತು ಅಂತ ಕೇಳಿ, ಕೊನೆಗೆ ಹಾಲು ಎಷ್ಟು ಕೊಟ್ಟಿತು ಅಂತಾನೂ ಕೇಳಿ. ಬಾರದೆ ಹೋದ ಹಸುಗಳನ್ನು ಮರೆಯಬೇಡಿ. ಮುಂದಿನ ತಿಂಗಳ 10ರೊಳಗೆ ಬರೆದು ಕಳಿಸಿ, 1,200 ಪದ ದಾಟದಿರಲಿ. ಶಿಲ್ಪದ ವಿಷಯ ಬೇಕಿದ್ದರೆ ಇರಲಿ, 941 ಜನರನ್ನೂ ಜತೆಗೆ ಕರೆದುಕೊಂಡು ಬನ್ನಿ.